ಮುದಿ ಹೆಣ್ಣು ನಾಯಿಯ ವಾಂತಿಗೆ ‘ಗ್ಯಾಸ್’ ಎಂಬ ಉತ್ತರ ಸಿಕ್ಕರೆ ಎಚ್ಚರ ವಹಿಸಿ

ಚಿಕ್ಕಬಳ್ಳಾಪುರದ ಆಸುಪಾಸಿನಲ್ಲಿ ವಯಸ್ಸಾದ ನಾಯಿ ಸಾಕಿರುವವರು, ಅದರಲ್ಲೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಹತ್ತು ವರ್ಷ ದಾಟಿದ ನಮ್ಮ ಮಿಶ್ರತಳಿಯ ನಾಯಿ ಕೆಂಪಿ ವಾಂತಿ ಮಾಡತೊಡಗಿದಾಗ ಇಲ್ಲಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಅದಕ್ಕೆ ಸಿಕ್ಕಿದ್ದು ವಾಂತಿ ನಿಲ್ಲಿಸುವ ಇಂಜೆಕ್ಷನ್ ಮಾತ್ರ. ವಾಂತಿ ಏಕೆ ಆಗುತ್ತಿದೆ ಎಂದು ಅಲ್ಲಿ ಯಾರೂ ಯೋಚಿಸಲಿಲ್ಲ. ಕಾರಣ ಗರ್ಭಕೋಶದಲ್ಲಿ ತುಂಬಿದ್ದ ಕೀವು ಎಂಬುದು ನಮಗೆ ಆಮೇಲೆ ತಿಳಿಯಿತು.

ಬೆಳಗಿನ ಹೊತ್ತು ಹಳದಿ ನೊರೆ ಕಕ್ಕುವುದರಿಂದ ಆರಂಭವಾಯಿತು. ಆಮೇಲೆ ತಿಂದ ಅನ್ನವೂ ಹೊರಗೆ ಬರತೊಡಗಿತು. ಕ್ಲಿನಿಕ್ಕಿನವರು ಗ್ಯಾಸ್ ಆಗಿದೆ ಎಂದರು, ಇಂಜೆಕ್ಷನ್ ಚುಚ್ಚಿದರು, ಮೊಸರನ್ನ ಕೊಡಿ ಎಂದರು. ಮರುದಿನ ಕೆಂಪಿ ಚೇತರಿಸಿಕೊಂಡಂತೆ ಕಂಡಿತು. ಈ ಚೇತರಿಕೆಯೇ ದಾರಿ ತಪ್ಪಿಸುವಂಥದ್ದು. ವಾಂತಿ ತಡೆಯುವ ಔಷಧಗಳು ಮಿದುಳಿನಲ್ಲಿ ವಾಂತಿಯನ್ನು ಪ್ರಚೋದಿಸುವ ಸಂಕೇತವನ್ನು ತಡೆಯುತ್ತವೆ. ಆ ಸಂಕೇತವನ್ನು ಹುಟ್ಟಿಸುತ್ತಿರುವ ವಿಷ ರಕ್ತದಲ್ಲಿ ಹಾಗೆಯೇ ಉಳಿದಿರುತ್ತದೆ. ಔಷಧದ ಪ್ರಭಾವ ಇಳಿದ ಮೇಲೆ ವಾಂತಿ ಮರುಕಳಿಸಿತು, ಮತ್ತೆ ಅದೇ ಇಂಜೆಕ್ಷನ್ ಬಿತ್ತು.

ನಮ್ಮ ತಾಯಿಯವರು ಗಮನಿಸಿದ್ದು ಬೇರೆಯದನ್ನು. ಕೆಂಪಿ ತನ್ನ ಬಟ್ಟಲನ್ನು ಬರಿದು ಮಾಡಿ, ಹಸುಗಳ ತೊಟ್ಟಿಗೂ ಬಾಯಿ ಹಾಕುತ್ತಿತ್ತು. ಎಂದೂ ಮನೆಯೊಳಗೆ ಗಲೀಜು ಮಾಡದ ನಾಯಿ ರಾತ್ರಿ ನಡುಮನೆಯಲ್ಲಿ ಮೂತ್ರ ಮಾಡುತ್ತಿತ್ತು. ಇದನ್ನು ಕ್ಲಿನಿಕ್ಕಿನಲ್ಲಿ ಹೇಳಿದಾಗ ಬಂದ ಉತ್ತರ: “ವಯಸ್ಸಾಯಿತಲ್ಲ ಸಾರ್, ಬಿಸಿಲು ಬೇರೆ.” ಜ್ವರ ನೋಡಲಿಲ್ಲ, ಹೊಟ್ಟೆ ಮುಟ್ಟಿ ನೋಡಲಿಲ್ಲ, ಕೊನೆಯ ಬಾರಿ ಯಾವಾಗ ಬೆದೆಗೆ ಬಂದಿತ್ತು ಎಂದು ಕೇಳಲಿಲ್ಲ. ಕೇಳಿದ್ದರೆ, ಹೆಚ್ಚುಕಡಿಮೆ ಒಂದೂವರೆ ತಿಂಗಳ ಹಿಂದೆ ಎಂಬ ಉತ್ತರ ಅಲ್ಲೇ ಸಿಗುತ್ತಿತ್ತು. ಆ ಒಂದು ಉತ್ತರ ಸ್ಕ್ಯಾನ್ ಮಾಡಿಸಲು ಸಾಕಾಗುತ್ತಿತ್ತು.

ಕೆಂಪಿ ಎದ್ದು ನಿಲ್ಲಲಾರದ ಸ್ಥಿತಿ ತಲುಪಿದಾಗ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆವು. ಸ್ಕ್ಯಾನಿನಲ್ಲಿ ಗರ್ಭಕೋಶದ ತುಂಬ ಕೀವು ಕಂಡಿತು. ರಕ್ತದಲ್ಲಿ ಬಿಳಿ ಕಣಗಳೂ, ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯವೂ ಏರಿದ್ದವು. ಈ ಕಾಯಿಲೆಗೆ ವೈದ್ಯರು ಪಯೋಮೆಟ್ರಾ ಎನ್ನುತ್ತಾರೆ.

ಇದು ಉಂಟಾಗುವ ಬಗೆಯನ್ನು ತಿಳಿದರೆ ಹೊಟ್ಟೆಯ ಕಾಯಿಲೆಯಲ್ಲದ ಇದರಲ್ಲಿ ವಾಂತಿ ಏಕೆ ಬರುತ್ತದೆ ಎಂಬುದೂ ಅರ್ಥವಾಗುತ್ತದೆ. ಹೆಣ್ಣು ನಾಯಿಗೆ ಬೆದೆ ಮುಗಿದ ಬಳಿಕ, ಗರ್ಭ ಕಟ್ಟಿರಲಿ ಕಟ್ಟದಿರಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಾಗಿರುತ್ತದೆ. ಅದು ಗರ್ಭಕೋಶದ ಒಳಪದರವನ್ನು ದಪ್ಪವಾಗಿಸುತ್ತದೆ, ಅಲ್ಲಿನ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಗರ್ಭಕೋಶದ ಬಾಯನ್ನು ಮುಚ್ಚಿಸುತ್ತದೆ. ಬೆದೆಯ ಸಮಯದಲ್ಲಿ ಒಳಸೇರಿದ ಬ್ಯಾಕ್ಟೀರಿಯಾ, ಸಾಮಾನ್ಯವಾಗಿ ಕರುಳಿನಲ್ಲಿ ವಾಸಿಸುವ ಇ. ಕೋಲಿ, ಅಲ್ಲಿ ಬೆಳೆದು ಕೀವಾಗುತ್ತದೆ. ಅದರ ವಿಷ ರಕ್ತಕ್ಕೆ ಸೇರಿದಾಗ ವಾಂತಿ ಬರುತ್ತದೆ. ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿಯನ್ನು ಮೂತ್ರಪಿಂಡ ಕಳೆದುಕೊಳ್ಳುವುದರಿಂದ ನಾಯಿ ಬಹಳ ಮೂತ್ರ ಮಾಡುತ್ತದೆ, ಆ ನಷ್ಟ ತುಂಬಲು ಬಹಳ ನೀರು ಕುಡಿಯುತ್ತದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ದುರ್ವಾಸನೆಯ ಸ್ರಾವವಾದರೂ ಕಣ್ಣಿಗೆ ಬೀಳುತ್ತದೆ. ಕೆಂಪಿಯಂತೆ ಮುಚ್ಚಿಕೊಂಡಿದ್ದರೆ ಹೊರಗೆ ಏನೂ ಕಾಣುವುದಿಲ್ಲ, ಅಪಾಯವೂ ಹೆಚ್ಚು, ಏಕೆಂದರೆ ಗರ್ಭಕೋಶ ಒಡೆಯಲೂಬಹುದು.

ನಾಯಿಗೆ ವಯಸ್ಸಾದರೆ ಬೆದೆ ನಿಂತುಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಅದು ಸರಿಯಲ್ಲ, ಅಂತರ ಹೆಚ್ಚಾಗಬಹುದೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಸ್ವೀಡನ್ ದೇಶದ ವಿಮಾ ದಾಖಲೆಗಳನ್ನು ಆಧರಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವರ್ಷದೊಳಗೆ ಸುಮಾರು ನಾಲ್ಕು ಹೆಣ್ಣು ನಾಯಿಗಳಲ್ಲಿ ಒಂದಕ್ಕೆ ಈ ಕಾಯಿಲೆ ಬಂದಿತ್ತು. ಬೀದಿ ನಾಯಿಗಳಿಗೆ ಸರ್ಕಾರದ ಖರ್ಚಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯುತ್ತದೆ, ಮನೆಯ ನಾಯಿಗೆ ಮಾತ್ರ ‘ಅಯ್ಯೋ ಪಾಪ’ ಎನ್ನುವವರೇ ಹೆಚ್ಚು.

ಹೆಬ್ಬಾಳದ ವೈದ್ಯರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ, ಇಲ್ಲಿಯವರೆಗೆ ಯಾವ ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ ಎಂಬುದು. ನಮ್ಮ ಬಳಿ ಉತ್ತರವಿರಲಿಲ್ಲ, ಏಕೆಂದರೆ ಕ್ಲಿನಿಕ್ಕಿನಲ್ಲಿ ಕೇಳಿದರೂ ಔಷಧದ ಹೆಸರನ್ನು ಬರೆದುಕೊಟ್ಟಿರಲಿಲ್ಲ. ನೋವಿನ ಔಷಧ ಕೊಟ್ಟಿದ್ದರೆ ಅದು ಸೊರಗಿದ ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ. ಸ್ಟೆರಾಯ್ಡ್ ಕೊಟ್ಟಿದ್ದರೆ ಸೋಂಕು ಉಲ್ಬಣಿಸುತ್ತದೆ, ಅದರಿಂದಲೇ ಬಾಯಾರಿಕೆ ಹೆಚ್ಚಿ ರೋಗದ ಲಕ್ಷಣ ಯಾವುದು, ಔಷಧದ ಪರಿಣಾಮ ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಚುಚ್ಚಿದ ಔಷಧದ ಹೆಸರನ್ನು ಬರೆದುಕೊಡಲು ಒಪ್ಪದ ಜಾಗಕ್ಕೆ ಎರಡನೆಯ ಸಲ ಹೋಗಬೇಡಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಡ್ರಿಪ್ ಹಾಕಿ, ಆಂಟಿಬಯೋಟಿಕ್ ಕೊಟ್ಟು, ಶಸ್ತ್ರಚಿಕಿತ್ಸೆಯಿಂದ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. ಕೆಂಪಿ ಬದುಕಿದೆ. ಕ್ರಿಯಾಟಿನಿನ್ ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ. ನಡೆದದ್ದನ್ನು ಹೇಳಿದಾಗ ಕ್ಲಿನಿಕ್ಕಿನವರು ನಾಯಿಯ ವಯಸ್ಸನ್ನೇ ಮತ್ತೆ ಕಾರಣವಾಗಿ ಕೊಟ್ಟರು.

ಎಲ್ಲ ವಾಂತಿಯೂ ಗರ್ಭಕೋಶದ್ದಲ್ಲ ಎಂಬುದನ್ನೂ ಹೇಳಬೇಕು. ಮುದಿ ನಾಯಿಗಳಲ್ಲಿ ಮೂತ್ರಪಿಂಡದ ಮತ್ತು ಯಕೃತ್ತಿನ ಕಾಯಿಲೆ, ಮೇದೋಜೀರಕದ ಉರಿಯೂತ, ಕರುಳಿನ ಗಡ್ಡೆ, ಎಲ್ಲವೂ ಹೀಗೆಯೇ ಶುರುವಾಗುತ್ತವೆ. ಗಂಡು ನಾಯಿಯಾದರೂ ರಕ್ತ ಮತ್ತು ಮೂತ್ರ ಪರೀಕ್ಷೆ ಆಗಲೇಬೇಕು. ದ್ರಾಕ್ಷಿ ತೋಟಗಳ ನಮ್ಮ ಜಿಲ್ಲೆಯಲ್ಲಿ ಉದುರಿದ ಹಣ್ಣನ್ನು ನಾಯಿ ತಿನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು, ಅದರ ಮೊದಲ ಸೂಚನೆ ವಾಂತಿಯೇ. ರಣಹದ್ದುಗಳ ಸಾವಿಗೆ ಕಾರಣವಾದುದರಿಂದ 2006ರಲ್ಲಿ ಪಶುಚಿಕಿತ್ಸೆಯಲ್ಲಿ ನಿಷೇಧವಾದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಮನುಷ್ಯರ ಮಾತ್ರೆಯಾಗಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕುಂಟುವ ಮುದಿ ನಾಯಿಗೆ ಅದನ್ನು ಕೊಟ್ಟರೆ ಜಠರದಲ್ಲಿ ಹುಣ್ಣಾಗಿ, ಕಾಫಿ ಪುಡಿಯಂತಹ ಕಪ್ಪು ವಾಂತಿ ಬರಬಹುದು.

ವೈದ್ಯರ ಬಳಿ ಹೋಗುವ ಮುನ್ನ ಒಂದು ದಿನದ ನೀರನ್ನು ಅಳೆದು ಇಡಿ: ಕಿಲೋ ತೂಕಕ್ಕೆ 100 ಮಿಲಿಲೀಟರ್ ದಾಟಿದರೆ, ಅಂದರೆ ಇಪ್ಪತ್ತು ಕಿಲೋ ನಾಯಿ ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು ಕುಡಿದರೆ, ಅದನ್ನು ಬಿಸಿಲಿನ ಲೆಕ್ಕಕ್ಕೆ ಹಾಕುವ ಮೊದಲು ಪರೀಕ್ಷೆ ಮಾಡಿಸಬೇಕು. ವಾಂತಿಯ ಫೋಟೋ, ಕೊಟ್ಟ ಮಾತ್ರೆಗಳ ಖಾಲಿ ಸ್ಟ್ರಿಪ್, ಬೆದೆಗೆ ಬಂದ ತಿಂಗಳು, ಇಷ್ಟನ್ನು ಜೊತೆಗೆ ಒಯ್ಯಿರಿ. ಆದರೆ ನಾಯಿ ಸುಸ್ತಾಗಿ ಮಲಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಅಥವಾ ಹೊಟ್ಟೆ ಉಬ್ಬಿ ಓಕರಿಸಿದರೂ ಏನೂ ಹೊರಬಾರದಿದ್ದರೆ, ಅಳೆಯುತ್ತ ಕೂರದೆ ರಾತ್ರಿಯಾದರೂ ಅದೇ ಗಳಿಗೆಯಲ್ಲಿ ಹೊರಡಿ.