ಭತ್ತದ ಗದ್ದೆಗೆ ಬಾಡಿಗೆ ಡ್ರೋನ್: ಸಿಂಧನೂರು ತಾಲ್ಲೂಕಿನ ಒಂದು ಅನುಭವ

ಕಳೆದ ಮುಂಗಾರು ಬೆಳೆಯಲ್ಲಿ ನಮ್ಮ ನಾಲ್ಕು ಎಕರೆ ಭತ್ತದ ಎಲೆಗೆ ಬೆಂಕಿರೋಗ ತಗುಲಿದಾಗ, ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವ ಆಳು ಎರಡು ದಿನ ಹುಡುಕಿದರೂ ಸಿಗಲಿಲ್ಲ. ಹಾಗಾಗಿ ಪಕ್ಕದ ಕ್ಯಾಂಪಿನ (ಹೊರಗಿನಿಂದ ಬಂದ ರೈತರು ನೆಲೆಸಿದ ಊರು) ಇಬ್ಬರು ಯುವಕರು ನಡೆಸುವ ಡ್ರೋನ್ ಸಿಂಪಡಣೆಯ ಸೇವೆಯನ್ನು ಮೊದಲ ಬಾರಿಗೆ ಕರೆಸಿದೆ.

ಮರುದಿನ ಇಬ್ಬನಿ ಆರಿದ ಕೂಡಲೇ, ಗಾಳಿ ಏಳುವ ಮುನ್ನ ಬಂದರು. ಒಬ್ಬರು ಬದುವಿನ ಮೇಲೆ ಸುತ್ತಾಡಿ ರಿಮೋಟಿನ ಪರದೆಯಲ್ಲಿ ಹೊಲದ ಗಡಿ ಗುರುತಿಸಿ, ವಿದ್ಯುತ್ ತಂತಿ ಹಾದುಹೋಗುವ ಮೂಲೆಯನ್ನು ಬಿಟ್ಟರು. ಇನ್ನೊಬ್ಬರು ಔಷಧಿಯನ್ನು ಬಕೆಟ್ಟಿನಲ್ಲಿ ಕದಡಿ, ನಳಿಗೆ ಕಟ್ಟಿಕೊಳ್ಳದಂತೆ ತೆಳು ಬಟ್ಟೆಯಲ್ಲಿ ಸೋಸಿದರು. ಎಕರೆಗೆ ಹತ್ತು ಲೀಟರ್ ನೀರು, ಏಳೆಂಟು ನಿಮಿಷ. ಬ್ಯಾಟರಿ ಬದಲಿಸುವ ಹೊತ್ತೂ ಸೇರಿ ಒಂದು ತಾಸಿನೊಳಗೆ ಕೆಲಸ ಮುಗಿಯಿತು. ಎಕರೆಗೆ 450 ರೂಪಾಯಿಯಂತೆ ಫೋನಿನಲ್ಲೇ ಹಣ ಕಳಿಸಿದೆ. ರೋಗ ಮುಂದೆ ಹರಡಲಿಲ್ಲ.

ನನಗೆ ಹಣ, ಸಮಯಕ್ಕಿಂತ ದೊಡ್ಡದಾಗಿ ಕಂಡ ಲಾಭ ಬೇರೆ. ಪಂಪು ಹೊತ್ತವರು ಸೊಂಟದವರೆಗೆ ವಿಷದಲ್ಲಿ ನೆನೆದು, ಕಣ್ಣುರಿಯಿಂದ ರಾತ್ರಿ ಊಟ ಬಿಟ್ಟು ಮಲಗುವುದನ್ನು ನಾನು ವರ್ಷಗಳಿಂದ ನೋಡಿದ್ದೇನೆ. ಈ ಸಲ ಯಾರೂ ಗದ್ದೆಗೆ ಇಳಿಯಲಿಲ್ಲ. ಜಪಾನಿನ ಯಮಾಹಾ ಕಂಪನಿ ಭತ್ತಕ್ಕೆ ಔಷಧಿ ಹೊಡೆಯುವ ಚಾಲಕರಹಿತ ಹೆಲಿಕಾಪ್ಟರನ್ನು 1987ರಲ್ಲೇ ತಂದಿತ್ತು. ಅಲ್ಲಿ ಹಳ್ಳಿಯಲ್ಲಿ ಉಳಿದವರಿಗೆ ವಯಸ್ಸಾಗಿತ್ತು, ಇಲ್ಲಿ ಪ್ರಾಯದವರು ಬೆಂಗಳೂರಿಗೆ ಗುಳೆ ಹೋಗಿದ್ದಾರೆ; ಆಳಿನ ಕೊರತೆ ಮಾತ್ರ ಒಂದೇ.

ಎರಡನೆಯ ಸಲ ಕಂದು ಜಿಗಿಹುಳುವಿಗಾಗಿ ಕರೆಸಿದಾಗ ನನಗೆ ಸಮಾಧಾನವಾಗಲಿಲ್ಲ. ಆ ಹುಳು ನೀರಿನ ಮಟ್ಟಕ್ಕೆ ಹತ್ತಿರವಾಗಿ ಬುಡದಲ್ಲಿ ಕೂರುತ್ತದೆ. ದಟ್ಟವಾಗಿ ಬೆಳೆದ ಪೈರಿನಲ್ಲಿ ಮೇಲಿನಿಂದ ಬಿದ್ದ ಅಷ್ಟು ಕಡಿಮೆ ದ್ರಾವಣ ಎಲೆಯಲ್ಲೇ ಉಳಿಯಿತು, ವಾರದೊಳಗೆ ಗದ್ದೆಯ ನಡುವೆ ಪೈರು ವೃತ್ತಾಕಾರವಾಗಿ ಸುಟ್ಟಂತೆ ಒಣಗಿತು. ಪರಿಣಾಮ ಕಡಿಮೆ ಎಂದು ಮೊದಲೇ ಹೇಳಬೇಕಾದದ್ದು ಅವರ ಧರ್ಮವಾಗಿತ್ತು, ಆದರೆ ಖಂಡಿತ ಆಗುತ್ತದೆ ಎಂದೇ ಭರವಸೆ ಕೊಟ್ಟಿದ್ದರು. 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ಯಂತ್ರ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ಮೊದಲ ದಿನ ಬಂದವರು ಕೇಳಿದೊಡನೆ ತೋರಿಸಿದ್ದರು, ಎರಡನೆಯ ದಿನ ಹಾರಿಸಿದವರ ಬಳಿ ಅದು ಇರಲಿಲ್ಲ. ಕರೆಸುವವರು ಇದನ್ನು ತಪ್ಪದೇ ಕೇಳಬೇಕು.

ಸ್ವಸಹಾಯ ಸಂಘಗಳಿಗೆ ಡ್ರೋನಿನ ಬೆಲೆಯಲ್ಲಿ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವು ಕೊಡುವ ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆ ನಮ್ಮೂರಿನ ಮಹಿಳೆಯರಿಗೂ ತಲುಪಲಿ ಎಂಬುದು ನನ್ನ ಆಸೆ.

ಎಲೆಯ ರೋಗಕ್ಕೆ ಇವರನ್ನೇ ಮತ್ತೆ ಕರೆಸುತ್ತೇನೆ. ಬುಡದ ಹುಳುವಿಗೆ ಮಾತ್ರ ಪೈರು ಸರಿಸಿ ನಳಿಗೆ ಹಿಡಿಯುವ ಆಳೇ ಬೇಕು. ಅವರಿಗೆಂದು ಕೈಗವಸು, ಮುಖಗವಸು ತಂದಿಟ್ಟಿದ್ದೇನೆ.