ಅನಿಮೇಷನ್ ಸೈಟು, ರೆಡಿಮೇಡ್ ಟೆಂಪ್ಲೇಟು, ಸಾದಾ ಪುಟಗಳು: ಮೂರನ್ನೂ ಬಳಸಿದ ಮೇಲೆ

ನಮ್ಮದು ತೂಕದ ಯಂತ್ರ ರಿಪೇರಿ ಮಾಡುವ ಸಣ್ಣ ವ್ಯವಹಾರ. ಸೈಟಿಗೆ ಬರುವವರಿಗೆ ಬೇಕಾಗಿರುವುದು ಇಷ್ಟೇ: ಯಾವ ಮಾಡೆಲ್ ರಿಪೇರಿ ಆಗುತ್ತೆ, ಎಷ್ಟು ದಿನ ಹಿಡಿಯುತ್ತೆ, ಯಾವ ಹೊತ್ತಿಗೆ ಬರಬಹುದು, ಫೋನ್ ನಂಬರ್ ಏನು. ಇಷ್ಟಕ್ಕೆ ಮೂರು ಬಗೆಯ ಸೈಟ್ ಇಟ್ಟು ನೋಡಿದ್ದೇವೆ. ಮೊದಲನೆಯದು ಒಂದು ಡಿಸೈನ್ ಕಂಪನಿ ಮಾಡಿಕೊಟ್ಟ ಒಂದೇ ಉದ್ದ ಪುಟದ ಅನಿಮೇಷನ್ ಸೈಟ್. ಎರಡನೆಯದು ಕೋಡ್ ಬರೆಯದೆ ಸೈಟ್ ಕಟ್ಟಿಕೊಳ್ಳಲು ಬಿಡುವ, ತಿಂಗಳ ಬಾಡಿಗೆಯ ವೆಬ್‌ಸೈಟ್ ಬಿಲ್ಡರ್‌ನಲ್ಲಿ ಸಿಗುವ ರೆಡಿಮೇಡ್ ಟೆಂಪ್ಲೇಟ್. ಮೂರನೆಯದು ಈಗ ಓಡುತ್ತಿರುವ, ಐದಾರು ಪುಟಗಳ ಸಾದಾ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಮೂಲ ಭಾಷೆ) ಸೈಟ್. ನನ್ನ ಓಟು ಮೂರನೆಯದಕ್ಕೆ. ಯಾಕೆ ಅಂತ ಹೇಳುತ್ತೇನೆ.

ಮೊದಲ ಸೈಟ್ ನೋಡಲು ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ತೆರೆದ ಕೂಡಲೇ ಸ್ಕ್ರೀನ್ ತುಂಬ ವಿಡಿಯೋ, ಅದರ ಮೇಲೆ ದೊಡ್ಡ ಅಕ್ಷರದ ಒಂದು ಸಾಲು. ಕೆಳಗೆ ಹೋದಂತೆ ಒಂದೊಂದು ಪ್ಯಾರಾನೂ ಮೆಲ್ಲಗೆ ಮೂಡಿ ಬರುತ್ತಿತ್ತು. ಡೆಮೊ ನೋಡಿದವರೆಲ್ಲ ಮೆಚ್ಚಿಕೊಂಡರು.

ತೊಂದರೆ ಶುರುವಾಗಿದ್ದು ಆ ಮೂಡಿ ಬರುವ ಪ್ಯಾರಾಗಳಿಂದಲೇ. ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿ, "ಏನ್ ಸಾರ್, ನಿಮ್ಮ ಸೈಟಲ್ಲಿ ಏನೂ ಇಲ್ವಲ್ಲ, ಕೆಳಗೆಲ್ಲ ಖಾಲಿ ಖಾಲಿ" ಅಂದರು. ನಮ್ಮ ಫೋನಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತು. ಅವರು ಸ್ಕ್ರೀನ್‌ಶಾಟ್ ಕಳಿಸಿದರು. ಮೇಲಿನಿಂದ ಕೆಳಗಿನವರೆಗೆ ಬಿಳಿ. ಒಂದು ಮೂಲೆಯಲ್ಲಿ ಮೆನುವಿನ ಮೂರು ಗೆರೆ, ಅಷ್ಟೇ.

ಕಾರಣ ಹೀಗಿದೆ. ಇಂಥ ಸೈಟುಗಳಲ್ಲಿ ಅಕ್ಷರಗಳನ್ನು ಮೊದಲು ಕಾಣದ ಹಾಗೆ ಇಟ್ಟಿರುತ್ತಾರೆ, ಸಿಎಸ್‌ಎಸ್‌ನಲ್ಲಿ (ಪುಟದ ನೋಟ ಹೇಗಿರಬೇಕು ಅಂತ ಹೇಳುವ ಕೋಡ್) ಒಪಾಸಿಟಿ 0, ಅಂದರೆ ಪೂರ್ತಿ ಪಾರದರ್ಶಕ. ಸ್ಕ್ರೋಲ್ ಮಾಡುತ್ತಾ ಆ ಭಾಗ ಸ್ಕ್ರೀನಿಗೆ ಬಂದಾಗ ಜಾವಾಸ್ಕ್ರಿಪ್ಟ್, ಅಂದರೆ ಪುಟದೊಳಗೆ ಓಡುವ ಸಣ್ಣ ಪ್ರೋಗ್ರಾಂ, ಅದನ್ನು 1 ಮಾಡಬೇಕು. ಆ ಸ್ಕ್ರಿಪ್ಟ್ ಇಳಿಯುವುದು ತಡವಾಯಿತು ಅಥವಾ ನಡುವೆ ಎರರ್ ಬಂದು ನಿಂತಿತು ಅಂದರೆ ಮುಗಿಯಿತು. ವಿಷಯವೆಲ್ಲ ಪುಟದಲ್ಲೇ ಇರುತ್ತದೆ, ಓದುವವರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಆ ಗ್ರಾಹಕರ ಕಡೆ ನೆಟ್‌ವರ್ಕ್ ನಿಧಾನ. ಅಷ್ಟು ದೊಡ್ಡ ವಿಡಿಯೋ ಜೊತೆಗೇ ಇಳಿಯುತ್ತಿದ್ದರೆ ಸ್ಕ್ರಿಪ್ಟ್ ಹಿಂದೆ ಬೀಳದೆ ಇನ್ನೇನಾಗುತ್ತದೆ?

ಇದರ ಇನ್ನೊಂದು ಮುಖ ಪ್ರಿಂಟ್ ತೆಗೆದಾಗ ಕಾಣಿಸಿತು. ನಾವು ರಿಪೇರಿ ಮಾಡುವ ಮಾಡೆಲ್‌ಗಳ ಪಟ್ಟಿಯನ್ನು ಕೆಲವರು ಪ್ರಿಂಟ್ ಮಾಡಿ ಇಟ್ಟುಕೊಳ್ಳುತ್ತಾರೆ. ಸ್ಕ್ರೋಲ್ ಮಾಡದೆ ಪ್ರಿಂಟ್ ಒತ್ತಿದರೆ ಖಾಲಿ ಹಾಳೆಗಳು ಬರುತ್ತಿದ್ದವು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಚಲನೆ ಕಡಿಮೆ ಮಾಡಿಕೊಂಡವರಿಗೂ ಈ ಸೈಟ್ ಅದೇ ಕುಣಿತ ತೋರಿಸುತ್ತಿತ್ತು. ಸ್ಕ್ರೀನಿನ ಮೇಲೆ ಜಾಸ್ತಿ ಚಲನೆ ಇದ್ದರೆ ತಲೆ ಸುತ್ತು ಬರುವವರಿದ್ದಾರೆ. ಅವರಿಗಾಗಿಯೇ ಇರುವ ಸೆಟ್ಟಿಂಗ್ ಅದು, ಅದನ್ನು ಗಮನಿಸಲು ಸಿಎಸ್‌ಎಸ್‌ನಲ್ಲಿ ದಾರಿಯೂ ಇದೆ.

ಸರಿಪಡಿಸುವುದು ಕಷ್ಟವೇನಲ್ಲ. ಅಕ್ಷರಗಳು ಮೊದಲಿನಿಂದಲೇ ಕಾಣುವಂತಿರಬೇಕು. ಸ್ಕ್ರಿಪ್ಟ್ ಬಂದು ಓಡಲು ಶುರುವಾದ ಮೇಲಷ್ಟೇ ಅವನ್ನು ಮರೆಮಾಡಿ ಅನಿಮೇಷನ್ ಕೊಡಬೇಕು. ಪ್ರಿಂಟಿಗೆ ಬೇರೆ ಎರಡು ಸಾಲು ಸಿಎಸ್‌ಎಸ್. ಇದನ್ನು ಕೇಳಿದರೆ ಕಂಪನಿಯವರು ಹೊಸ ಕೆಲಸ ಅಂತ ಹೊಸ ಬಿಲ್ ಕಳಿಸಿದರು. ಫೋನ್ ನಂಬರ್ ಕಾಣಿಸುವುದು ಹೊಸ ಕೆಲಸ ಹೇಗಾಗುತ್ತದೆ? ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ಆ ವಿಡಿಯೋದ ಬಗ್ಗೆಯೂ ಒಂದು ಮಾತು. ಐಫೋನ್ ಲೋ ಪವರ್ ಮೋಡ್‌ನಲ್ಲಿದ್ದರೆ ಅದು ತಾನಾಗಿ ಓಡುವುದಿಲ್ಲ, ಸುಮ್ನೆ ಒಂದು ಪ್ಲೇ ಗುರುತು ಕೂತಿರುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಸೈಟ್ ಬಳಸುವವರ ಅನುಭವ ಅಳೆಯಲು ಗೂಗಲ್ ಇಟ್ಟಿರುವ ಕೋರ್ ವೆಬ್ ವೈಟಲ್ಸ್ ಅಳತೆ. ಮೊಬೈಲಿನಲ್ಲಿ ನಮ್ಮ ಸೈಟ್ ಅದರ ಹತ್ತಿರವೂ ಸುಳಿಯಲಿಲ್ಲ.

ಎರಡನೆಯ ಸೈಟಿನ ದೊಡ್ಡ ಗುಣ ಅಂದರೆ ಯಾರನ್ನೂ ಕಾಯಬೇಕಾಗಿಲ್ಲ. ಸಮಯ ಬದಲಾಯಿತು ಅಂದರೆ ನಾನೇ ಲಾಗಿನ್ ಆಗಿ ತಿದ್ದುತ್ತಿದ್ದೆ. ಕೋಡ್ ಮುಟ್ಟಲು ಮನಸ್ಸಿಲ್ಲದವರಿಗೆ ಇದಕ್ಕಿಂತ ಸುಲಭದ್ದು ಇಲ್ಲ.

ಆದರೆ ಟೆಂಪ್ಲೇಟಿನಲ್ಲಿ ಈಗಿನ ಫ್ಯಾಷನ್ ಎಲ್ಲ ತುಂಬಿಸಿದ್ದರು. ಚೌಕ ಚೌಕವಾಗಿ ಜೋಡಿಸಿದ ಬೆಂಟೋ ಗ್ರಿಡ್, ಮಂಜು ಕವಿದ ಗಾಜಿನಂಥ ಕಾರ್ಡುಗಳು, ಅವುಗಳ ಮೇಲೆ ತೆಳು ಬೂದು ಅಕ್ಷರ. ಬಿಸಿಲಿನಲ್ಲಿ ನಿಂತು ಫೋನ್ ನೋಡುವವರಿಗೆ ಅದು ಓದಲು ಆಗುವುದೇ ಇಲ್ಲ. ಸೈಟನ್ನು ಎಲ್ಲರೂ ಬಳಸುವಂತಿರಬೇಕು ಅನ್ನುವ ಡಬ್ಲ್ಯುಸಿಎಜಿ ನಿಯಮದ ಪ್ರಕಾರ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರಬೇಕು. ಗಾಜಿನ ಹಿಂದೆ ಫೋಟೋ ಇದ್ದರೆ ಈ ಲೆಕ್ಕ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಒಂದು ಕಡೆ ಓದಬಹುದು, ಪಕ್ಕದಲ್ಲೇ ಆಗುವುದಿಲ್ಲ.

ಇನ್ನೊಂದು ಕಿರಿಕಿರಿ: ಪುಟ ತೆರೆದು ಸ್ವಲ್ಪ ಹೊತ್ತಾದ ಮೇಲೆ ಮೇಲುಗಡೆ ಒಂದು ಪ್ರಕಟಣೆಯ ಪಟ್ಟಿ ಬಂದು ಎಲ್ಲವನ್ನೂ ಕೆಳಗೆ ತಳ್ಳುತ್ತಿತ್ತು. ಕಾಲ್ ಬಟನ್ ಒತ್ತಲು ಹೋದ ಬೆರಳು ಬೇರೆಲ್ಲೋ ಬೀಳುತ್ತಿತ್ತು. ಮತ್ತೆ ಬಾಡಿಗೆ. ಕಟ್ಟುವುದು ನಿಲ್ಲಿಸಿದರೆ ಸೈಟೂ ನಿಲ್ಲುತ್ತದೆ. ನಾವು ಬಳಸಿದ ಬಿಲ್ಡರ್‌ನಿಂದ ಪುಟಗಳನ್ನು ಹೊರತೆಗೆದು ಬೇರೆ ಕಡೆ ಇಡಲು ದಾರಿಯೇ ಇರಲಿಲ್ಲ. ಪ್ರತಿಯೊಂದು ಸಾಲನ್ನೂ ಕಾಪಿ ಮಾಡಿಕೊಂಡು ಬರಬೇಕಾಯಿತು.

ಈಗಿನ ಸಾದಾ ಸೈಟಿನಲ್ಲಿ ಸ್ಕ್ರಿಪ್ಟೇ ಇಲ್ಲ ಅನ್ನಬಹುದು. ಒಂದೊಂದು ಬಗೆಯ ಯಂತ್ರಕ್ಕೆ ಒಂದೊಂದು ಪುಟ. ಯಾರಾದರೂ ಕೇಳಿದರೆ ಆ ಪುಟದ ಲಿಂಕನ್ನೇ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಒಂದೇ ಉದ್ದ ಪುಟ ಇದ್ದಾಗ "ಕೆಳಗೆ ಹೋಗಿ, ಇನ್ನೂ ಕೆಳಗೆ" ಅಂತ ಫೋನಿನಲ್ಲಿ ದಾರಿ ಹೇಳಬೇಕಾಗುತ್ತಿತ್ತು. ಮೆನುವನ್ನು ಮೂರು ಗೆರೆಯ ಹಿಂದೆ ಬಚ್ಚಿಟ್ಟಿಲ್ಲ, ಇರುವ ಐದಾರು ಹೆಸರು ಮೇಲೇ ಕಾಣುತ್ತವೆ. ಫೋನ್ ನಂಬರ್ ಪ್ರತಿ ಪುಟದ ತಲೆಯಲ್ಲಿದೆ, ಒತ್ತಿದರೆ ಕಾಲ್ ಹೋಗುತ್ತದೆ. ಫೋಟೋಗಳಿಗೆ ಅಗಲ, ಎತ್ತರ ಮೊದಲೇ ಬರೆದಿರುವುದರಿಂದ ಬ್ರೌಸರ್ ಆ ಜಾಗ ಬಿಟ್ಟುಕೊಂಡಿರುತ್ತದೆ, ಏನೂ ಜರುಗುವುದಿಲ್ಲ. ಅಕ್ಷರಕ್ಕೆ ಫೋನಿನಲ್ಲೇ ಇರುವ ಫಾಂಟ್. ಫ್ಯಾಷನ್‌ನಲ್ಲಿ ಡಾರ್ಕ್ ಮೋಡ್ ಒಂದನ್ನು ಇಟ್ಟುಕೊಂಡಿದ್ದೇವೆ, ಫೋನ್ ಹೇಗಿದೆಯೋ ಸೈಟೂ ಹಾಗೆ ಬದಲಾಗುತ್ತದೆ. ಅದಕ್ಕೆ ಬೇಕಾದದ್ದು ಕೆಲವೇ ಸಾಲು.

ಕೊರತೆ ಇಲ್ಲ ಅಂತಲ್ಲ. ತಿದ್ದಬೇಕಾದರೆ ಫೈಲ್ ತೆರೆದು ಟ್ಯಾಗ್‌ಗಳ ನಡುವೆಯೇ ಬರೆಯಬೇಕು. ನನಗೆ ಅದು ರೂಢಿಯಾಗಿದೆ, ನಮ್ಮ ಅಂಗಡಿಯ ಹುಡುಗನಿಗೆ ಇನ್ನೂ ಆಗಿಲ್ಲ. ವಿಚಾರಣೆಯ ಫಾರಂ ಬೇಕಿದ್ದರೆ ಬೇರೆ ಸೇವೆ ಹಿಡಿಯಬೇಕು. ನಮಗೆ ಬರುವವರು ಫೋನೇ ಮಾಡುವುದರಿಂದ ಫಾರಂ ತೆಗೆದೇ ಬಿಟ್ಟೆವು. ನೋಡಿ "ವಾಹ್" ಅನ್ನುವವರೂ ಇಲ್ಲ.

ಮನೆ ಒಳಾಂಗಣ ವಿನ್ಯಾಸ, ಫೋಟೋಗ್ರಫಿ ಥರದ ಕೆಲಸ ಇರುವವರಿಗೆ ನೋಟವೇ ಸರಕು ಅಲ್ವಾ. ಅವರಿಗೆ ಮೊದಲನೆಯ ಬಗೆ ಹೊಂದಬಹುದು, ಅದನ್ನು ನೋಡಿಕೊಳ್ಳುವ ಜನಕ್ಕೆ ವರ್ಷಪೂರ್ತಿ ದುಡ್ಡು ಕೊಡುವ ಶಕ್ತಿ ಇದ್ದರೆ. ಕೋಡ್ ಬೇಡ, ವಾರಕ್ಕೊಮ್ಮೆ ತಿದ್ದುಪಡಿ ಇದೆ ಅನ್ನುವವರು ಎರಡನೆಯದಕ್ಕೆ ಹೋಗಬಹುದು. ಟೆಂಪ್ಲೇಟ್ ಆರಿಸುವಾಗ ಗಾಜಿನ ಕಾರ್ಡು ಇಲ್ಲದ್ದನ್ನು ಹುಡುಕಿ. ನಮ್ಮಂತೆ ಅವಸರದಲ್ಲಿರುವ ಗ್ರಾಹಕರು, ಬಿಗಿ ಬಜೆಟ್ ಇರುವ ವ್ಯವಹಾರಕ್ಕೆ ಸಾದಾ ಪುಟಗಳೇ ಸಾಕು.

ಯಾವುದನ್ನೇ ತಗೊಳ್ಳಿ, ಕೊನೆಯ ಕಂತು ಕೊಡುವ ಮುಂಚೆ ಕ್ರೋಮ್ ಬ್ರೌಸರಿನೊಳಗೇ ಇರುವ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ಒಮ್ಮೆ ತೆರೆಯಿರಿ. ಆಮೇಲೆ ಜಾವಾಸ್ಕ್ರಿಪ್ಟ್ ಆಫ್ ಮಾಡಿ ತೆರೆಯಿರಿ, ಸ್ಕ್ರೋಲ್ ಮಾಡದೆ ಪ್ರಿಂಟ್ ಪ್ರಿವ್ಯೂ ನೋಡಿ. ಫೋನ್ ನಂಬರ್ ಈ ಮೂರೂ ಕಡೆ ಕಾಣಬೇಕು. ಡೊಮೇನ್ (ಸೈಟಿನ ವಿಳಾಸ) ಮಾತ್ರ ನಿಮ್ಮ ಹೆಸರಿನಲ್ಲೇ ನೋಂದಣಿ ಆಗಿರಲಿ. ನಾವು ಮೂರು ಕಡೆ ತಿರುಗಿದರೂ ಗ್ರಾಹಕರಿಗೆ ಗೊತ್ತಿರುವ ವಿಳಾಸ ಬದಲಾಗದೆ ಉಳಿದದ್ದು ಅದು ನಮ್ಮ ಹೆಸರಿನಲ್ಲಿ ಇದ್ದದ್ದರಿಂದ.