ಅಂಗಡಿಯ ಫ್ರೀಜರ್ ಮೀನು ತರುವವರು ದಯವಿಟ್ಟು ಇದನ್ನು ಓದಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯ ಮೀನು ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕರೂ ರೇಟು ಜಾಸ್ತಿ. ಹಾಗಾಗಿ ನಾವೂ ಅಂಗಡಿಯ ಫ್ರೀಜರ್‌ನಲ್ಲಿದ್ದ ಬಂಗುಡೆ ತಂದು ಪುಳಿಮುಂಚಿ ಮಾಡಿದೆವು. ಕೆಟ್ಟ ವಾಸನೆ ಇರಲಿಲ್ಲ, ಚೆನ್ನಾಗಿ ಬೆಂದೂ ಇತ್ತು. ಉಣ್ಣುವಾಗಲೇ ಅತ್ತೆ "ನಾಲಿಗೆ ಚುರುಚುರು ಅಂತಿದೆ, ಮೆಣಸು ಜಾಸ್ತಿ ಆಯ್ತಾ?" ಅಂದರು. ಕೈ ತೊಳೆದು ಸ್ವಲ್ಪ ಹೊತ್ತಿಗೆ ಅವರ ಮುಖ, ಕುತ್ತಿಗೆ ಕೆಂಪಗಾಯಿತು, ಮೈಯೆಲ್ಲ ತುರಿಕೆ, ತಲೆನೋವು, ಎದೆ ಡವಡವ. ನಮ್ಮವರಿಗೂ ಅದೇ ಶುರುವಾಯಿತು.

ಅಲರ್ಜಿ ಅಂದುಕೊಂಡು ಓಡಿದೆವು. ಆದರೆ ಹುಟ್ಟಿದಾಗಿನಿಂದ ಬಂಗುಡೆ ತಿಂದವರಿಗೆ ಈಗ ಎಲ್ಲಿಂದ ಅಲರ್ಜಿ, ಅದೂ ಇಬ್ಬರಿಗೂ ಒಟ್ಟಿಗೆ? ಡಾಕ್ಟರ್ ಮೊದಲು ಕೇಳಿದ್ದೇ ಯಾವ ಮೀನು, ಎಲ್ಲಿ ತಂದಿರಿ ಅಂತ. ಬಂಗುಡೆ, ಬೂತಾಯಿ, ಕೇದರ್ (ಟ್ಯೂನಾ) ಥರದ ಮೀನು ತಣ್ಣಗಿಲ್ಲದೆ ಬಿದ್ದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಅದರಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಮಾಡುತ್ತವೆ. ಅಲರ್ಜಿಯಾದಾಗ ನಮ್ಮ ಮೈಯಲ್ಲಿ ಬಿಡುಗಡೆಯಾಗುವುದೂ ಇದೇ ಹಿಸ್ಟಮಿನ್, ಅದಕ್ಕೇ ಲಕ್ಷಣ ಒಂದೇ ಥರ. ಒಮ್ಮೆ ಆಯಿತು ಅಂದರೆ ಎಷ್ಟು ಕುದಿಸಿದರೂ ಹೋಗುವುದಿಲ್ಲ, ಮತ್ತೆ ಫ್ರೀಜ್ ಮಾಡಿದರೂ ಹೋಗುವುದಿಲ್ಲ. ಅಲರ್ಜಿಗೆ ಕೊಡುವ ಔಷಧವನ್ನೇ ಕೊಟ್ಟರು, ಇಬ್ಬರೂ ಹುಷಾರಾದರು.

ಮನೆಗೆ ಬಂದು ಉಳಿದ ಪ್ಯಾಕೆಟ್ ನೋಡಿದರೆ ಮೀನುಗಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಗಟ್ಟಿ ಆಗಿದ್ದವು, ತಳದಲ್ಲಿ ಕೆಂಪು ನೀರು ಹೆಪ್ಪುಗಟ್ಟಿತ್ತು. ಅಂದರೆ ನಡುವೆ ಎಲ್ಲೋ ಕರಗಿದೆ. ಅಂಗಡಿಯವನನ್ನು ಕೇಳಿದ್ದಕ್ಕೆ "ಕರೆಂಟ್ ಹೋಗಿತ್ತಕ್ಕ, ಮತ್ತೆ ಗಟ್ಟಿ ಆಗಿದೆಯಲ್ಲ" ಅಂತ ಸುಮ್ನೆ ಹೇಳಿಬಿಟ್ಟ. ನನಗೆ ಸಿಟ್ಟು ಬಂದಿದ್ದು ಈ ಮಾತಿಗೆ.

ಎಷ್ಟು ತಿಂಗಳು ಇಟ್ಟಿದ್ದು ಅಂತ ಎಲ್ಲರೂ ಕೇಳುತ್ತಾರೆ. ಮೈನಸ್ 18 ಡಿಗ್ರಿಯಲ್ಲಿ ಒಂದೇ ಸಮ ಇದ್ದರೆ ಹಳೆಯದಾಯಿತು ಅಂತ ಕಾಯಿಲೆ ಬರುವುದಿಲ್ಲ, ರುಚಿ ಮಾತ್ರ ಕೆಡುತ್ತದೆ. ಎಣ್ಣೆಯಂಶ ಇರುವ ಬಂಗುಡೆ, ಬೂತಾಯಿ 2-3 ತಿಂಗಳಿಗೇ ಕಮಟು ಹಿಡಿಯಬಹುದು, ಅಷ್ಟೆ. ಕೇಳಬೇಕಾದ್ದು ನಡುವೆ ಕರಗಿತ್ತಾ ಅಂತ. ಫ್ರೀಜರ್ ಬ್ಯಾಕ್ಟೀರಿಯಾವನ್ನು ಬೆಳೆಯದಂತೆ ತಡೆಯುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಕರಗಿದ ತಕ್ಷಣ ಅವು ಮತ್ತೆ ಶುರು ಹಚ್ಚಿಕೊಳ್ಳುತ್ತವೆ.

ನಿಮ್ಮ ಮನೆಯ ಫ್ರೀಜರ್‌ಗೂ ಇದೇ ಮಾತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತೇ ಇದೆ ಅಲ್ವಾ? ಹೋದಾಗ ಬಾಗಿಲು ತೆಗೆಯಬೇಡಿ. ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಕರೆಂಟ್ ಬಂದಾಗ ಒಳಗೆ ಇನ್ನೂ ಐಸ್ ಹರಳು ಇದ್ದರೆ ಪರವಾಗಿಲ್ಲ. ಪೂರ್ತಿ ಕರಗಿ 2 ಗಂಟೆಗಿಂತ ಜಾಸ್ತಿ ಬೆಚ್ಚಗೆ ಇದ್ದರೆ ದುಡ್ಡಿನ ಮುಖ ನೋಡದೆ ಎಸೆಯಿರಿ. ಊರಿಗೆ ಹೋಗುವ ಮುಂಚೆ ಒಂದು ಲೋಟ ನೀರು ಫ್ರೀಜ್ ಮಾಡಿ, ಮೇಲೆ ಒಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಕೆಳಗೆ ಇಳಿದಿದ್ದರೆ ನೀವಿಲ್ಲದಾಗ ಎಲ್ಲ ಕರಗಿತ್ತು ಅಂತ ಲೆಕ್ಕ.

ಮೀನು ತಿನ್ನುವಾಗ ನಾಲಿಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಉಸಿರಾಟಕ್ಕೆ ಕಷ್ಟವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ, ಯಾವ ಮೀನು ತಿಂದಿರಿ ಅಂತ ಮೊದಲೇ ಹೇಳಿ.